ಬೊಂಬೆ ನಿಮ್ಮದು, ಸೈನ್ಯ ಯಾರದ್ದು?

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

ಇವತ್ತು ಒಂದು ವಿಚಿತ್ರ ಪ್ರಶ್ನೆಯಿಂದ ಶುರು ಮಾಡೋಣ. ನೀವು ದುಡ್ಡು ಕೊಟ್ಟು ಒಂದು ಪೆಟ್ಟಿಗೆ ಪ್ಲಾಸ್ಟಿಕ್ ಸೈನಿಕರನ್ನ ತಗೊಂಡಿರಿ ಅಂತಿಟ್ಕೊಳ್ಳಿ. ಅದರಲ್ಲಿ ಒಬ್ಬನ ತಲೆ ಕತ್ತರಿಸಿ, ಇನ್ನೊಂದು ಪೆಟ್ಟಿಗೆಯ ತಲೆ ಅಂಟಿಸಿ, ಕೈಗೆ ಮೂರನೇ ಪೆಟ್ಟಿಗೆಯ ಕತ್ತಿ ಕೊಟ್ಟಿರಿ. ಈಗ ಅವನು ಯಾರು? ಮೊದಲ ಕಂಪನಿಯ ಸೈನಿಕನಾ, ಎರಡನೇ ಕಂಪನಿಯವನಾ, ಅಥವಾ ನಿಮ್ಮವನಾ? ಅವನನ್ನ ಆಟಕ್ಕೆ ಇಳಿಸಬಹುದು ಅಥವಾ ಇಳಿಸಬಾರದು ಅಂತ ಹೇಳೋ ಅಧಿಕಾರ ಯಾರಿಗಿದೆ?

ತಮಾಷೆ ಅನ್ನಿಸಬಹುದು. ಆದರೆ ಈ ಪ್ರಶ್ನೆ ಅಮೆರಿಕದ ಕೋರ್ಟ್ ಮೆಟ್ಟಿಲು ಹತ್ತಿ ಬಂದಿದೆ. ಅದಾದ ಮೇಲೆ ಒಂದು ದೊಡ್ಡ ಆಟದ ಪುಸ್ತಕಗಳಿಂದ ಹಲವಾರು ಸೈನಿಕರೇ ಮಾಯವಾದರು. ಆ ಕಥೆ ಹೇಳ್ತೀನಿ. ಜೊತೆಗೆ ನಿಮ್ಮದೇ ಒಂದು ಸೈನ್ಯ ಕಟ್ಟೋದು ಹೇಗೆ ಅಂತಾನೂ ಹೇಳ್ತೀನಿ. ಕೊನೆಗೆ ಶ್ರೀರಂಗಪಟ್ಟಣದ ರಾಕೆಟ್ ದಳವನ್ನ ಪೊರಕೆ ಕಡ್ಡಿಯಲ್ಲಿ ಮಾಡೋ ಲೆಕ್ಕಾನೂ ಇದೆ. ಬಿಟ್ಟು ಹೋಗಬೇಡಿ.

ಮೊದಲು ಆಟ ಏನು ಅಂತ

ಗೊತ್ತಿಲ್ಲದೋರಿಗೆ ಎರಡೇ ಮಾತಲ್ಲಿ. ಟೇಬಲ್‌ಟಾಪ್ ವಾರ್‌ಗೇಮಿಂಗ್ ಅಂದ್ರೆ ಚದುರಂಗದ ದೊಡ್ಡಣ್ಣ, ಆದರೆ ಮನೆಗಳಿಲ್ಲದ ಚದುರಂಗ. ಟೇಬಲ್ ಮೇಲೆ ಗುಡ್ಡ, ಮರ, ಪಾಳುಬಿದ್ದ ಮನೆ ಇಡ್ತೀರಿ. ಹೆಬ್ಬೆರಳಷ್ಟು ಎತ್ತರದ ಸೈನಿಕರನ್ನ ಟೇಪ್ ಹಿಡಿದು ಇಷ್ಟು ಇಂಚು ಅಂತ ಅಳೆದು ನಡೆಸ್ತೀರಿ. ಗುಂಡು ತಗುಲಿತಾ ಇಲ್ವಾ ಅನ್ನೋದನ್ನ ದಾಳ ಹೇಳುತ್ತೆ. ಚದುರಂಗದಲ್ಲಿ ಕಾಯಿಗಳು ಡಬ್ಬಿಯಲ್ಲೇ ರೆಡಿಯಾಗಿ ಬರುತ್ತವೆ. ಇಲ್ಲಿ ಹಾಗಲ್ಲ. ತುಂಡು ತುಂಡು ಬರುತ್ತೆ. ಅಂಟಿಸಬೇಕು, ಬಣ್ಣ ಬಳಿಯಬೇಕು. ಆಟ ಎರಡು ಗಂಟೆ, ಸೈನ್ಯ ಕಟ್ಟೋಕೆ ಎರಡು ತಿಂಗಳು. ತುಂಬಾ ಜನಕ್ಕೆ ಆ ಎರಡು ತಿಂಗಳೇ ನಿಜವಾದ ಆಟ.

ನಮ್ಮಲ್ಲಿ ದಸರಾ ಗೊಂಬೆ ಕೂರಿಸೋ ಮನೆಯವರಿಗೆ ಇದು ತಕ್ಷಣ ಅರ್ಥ ಆಗುತ್ತೆ. ಪಟ್ಟದ ಗೊಂಬೆ, ಚೆಟ್ಟಿಯಾರ್ ದಂಪತಿ ಅಂಗಡಿಯಿಂದ ಬಂದಿರಬಹುದು. ಆದರೆ ಕೆಳಗಿನ ಮೆಟ್ಟಿಲಲ್ಲಿ ರಾಗಿ ಪೈರು ಬೆಳೆಸಿ ಹೊಲ ಮಾಡೋದು, ಕನ್ನಡಿ ಚೂರಿಟ್ಟು ಕೆರೆ ಮಾಡೋದು, ಬೆಂಕಿಪೊಟ್ಟಣದಲ್ಲಿ ಬಸ್ ಸ್ಟ್ಯಾಂಡ್ ಮಾಡೋದು, ಅದೆಲ್ಲ ಆ ಮನೆ ಮಕ್ಕಳದ್ದೇ ಕೈಕೆಲಸ. ಬಂದವರು ಜಾಸ್ತಿ ಹೊತ್ತು ನಿಂತು ನೋಡೋದೂ ಅದನ್ನೇ.

ಕತ್ತರಿಸೋದು ಹೊಸ ಚಟ ಅಲ್ಲ

1893ರಲ್ಲಿ ಇಂಗ್ಲೆಂಡಿನ ವಿಲಿಯಂ ಬ್ರಿಟನ್ ಕಂಪನಿ ಒಳಗೆ ಟೊಳ್ಳಿರೋ ಸೀಸದ ಸೈನಿಕರನ್ನ ಎರಕ ಹೊಯ್ಯೋಕೆ ಶುರು ಮಾಡಿತು. ಟೊಳ್ಳು ಅಂದ್ರೆ ಲೋಹ ಕಡಿಮೆ, ಅಂದ್ರೆ ಬೆಲೆ ಕಡಿಮೆ. ಆಟಿಕೆ ಸೈನಿಕರು ಮಧ್ಯಮ ವರ್ಗದ ಮನೆಗಳಿಗೆ ಬಂದರು. 1913ರಲ್ಲಿ ಎಚ್.ಜಿ. ವೆಲ್ಸ್, ಹೌದು, ಟೈಮ್ ಮೆಷಿನ್ ಬರೆದ ಅದೇ ವೆಲ್ಸ್, ಈ ಸೈನಿಕರನ್ನ ಇಟ್ಕೊಂಡು ಆಡೋ ಆಟಕ್ಕೆ ನಿಯಮ ಬರೆದು 'ಲಿಟಲ್ ವಾರ್ಸ್' ಅನ್ನೋ ಪುಸ್ತಕ ತಂದರು.

ಆಮೇಲೆ ಬಂತು ಪ್ಲಾಸ್ಟಿಕ್. 1959ರಿಂದ ಏರ್‌ಫಿಕ್ಸ್ ಕಂಪನಿ ಎರಡೂವರೆ ಸೆಂಟಿಮೀಟರ್‌ಗಿಂತ ಚಿಕ್ಕ ಮೆತ್ತನೆ ಪ್ಲಾಸ್ಟಿಕ್ ಸೈನಿಕರನ್ನ ಅಗ್ಗವಾಗಿ ಮಾರೋಕೆ ಶುರು ಮಾಡಿತು. 1962ರಲ್ಲಿ ಡೊನಾಲ್ಡ್ ಫೆದರ್‌ಸ್ಟೋನ್ ಬರೆದ 'ವಾರ್ ಗೇಮ್ಸ್' ಪುಸ್ತಕ ಬಂತು, ಹವ್ಯಾಸ ಹಬ್ಬಿತು. ಆದರೆ ಒಂದು ತೊಂದರೆ. ನಿಮಗೆ ಬೇಕಾಗಿರೋದು ನೆಪೋಲಿಯನ್ ಕಾಲದ ಪ್ರಷ್ಯನ್ ಪಡೆ, ಅಂಗಡಿಯಲ್ಲಿ ಇರೋದು ಅಮೆರಿಕದ ಅಂತರ್ಯುದ್ಧದ ಪೆಟ್ಟಿಗೆ. ಏನು ಮಾಡೋದು? ಬ್ಲೇಡ್ ತಗೊಂಡು ಟೋಪಿ ಕೆತ್ತೋದು, ಬಿಸಿ ಸೂಜಿಯಲ್ಲಿ ಕುತ್ತಿಗೆಗೆ ತೂತು ಮಾಡಿ ಬೇರೆ ತಲೆ ಕೂರಿಸೋದು, ಕಾಗದದಲ್ಲಿ ಕೋಟಿನ ಅಂಚು ಮಾಡೋದು. ಇದಕ್ಕೆ ಇಟ್ಟ ಹೆಸರೇ ಕನ್ವರ್ಷನ್. ಅಂಗಡಿಯಲ್ಲಿ ಸಿಗದಿದ್ದದ್ದನ್ನ ಮನೆಯಲ್ಲಿ ಮಾಡ್ಕೊಳ್ಳೋದು, ಅಷ್ಟೇ.

ಈಗ ಈ ಹವ್ಯಾಸದ ದೈತ್ಯನ ಹತ್ತಿರ ಬರೋಣ. ಗೇಮ್ಸ್ ವರ್ಕ್‌ಶಾಪ್. 1975ರಲ್ಲಿ ಲಂಡನ್‌ನಲ್ಲಿ ಮೂವರು ಗೆಳೆಯರು ಶುರು ಮಾಡಿದ ಕಂಪನಿ. 1983ರಲ್ಲಿ ವಾರ್‌ಹ್ಯಾಮರ್, 1987ರಲ್ಲಿ 'ರೋಗ್ ಟ್ರೇಡರ್' ಹೆಸರಲ್ಲಿ ವಾರ್‌ಹ್ಯಾಮರ್ 40,000. ಇವತ್ತು ನಾಟಿಂಗ್‌ಹ್ಯಾಮ್‌ನಲ್ಲಿ ಕಾರ್ಖಾನೆ. 2024ರ ಡಿಸೆಂಬರ್‌ನಲ್ಲಿ ಲಂಡನ್ ಷೇರುಪೇಟೆಯ ಎಫ್‌ಟಿಎಸ್‌ಇ 100 ಪಟ್ಟಿಗೆ ಸೇರಿತು. ಬ್ಯಾಂಕು, ತೈಲ ಕಂಪನಿಗಳ ಪಕ್ಕದಲ್ಲಿ ಬೊಂಬೆ ಮಾರೋ ಕಂಪನಿ!

ಈ ಕಂಪನಿಯ ಮೊದಲ ದಿನಗಳು ಹೇಗಿದ್ದವು ಗೊತ್ತಾ? ನಿಯಮ ಪುಸ್ತಕದಲ್ಲಿ ಟ್ಯಾಂಕ್ ಇದೆ, ಅಂಗಡಿಯಲ್ಲಿ ಟ್ಯಾಂಕ್ ಇಲ್ಲ. ಆಗ ಕಂಪನಿಯದೇ ಪತ್ರಿಕೆ 'ವೈಟ್ ಡ್ವಾರ್ಫ್' ಏನು ಹೇಳ್ಕೊಡ್ತು ಅಂದ್ರೆ, ಖಾಲಿಯಾದ ಡಿಯೋಡರೆಂಟ್ ಡಬ್ಬಿ ತಗೊಳ್ಳಿ, ಅದರಿಂದ ಹಾರೋ ಟ್ಯಾಂಕ್ ಮಾಡಿ! ಹಳೆ ಆಟಗಾರರು ಈಗಲೂ ಆ ಡಿಯೋಡರೆಂಟ್ ಟ್ಯಾಂಕನ್ನ ದೇವರ ಪಟದ ಥರ ನೆನೆಸ್ಕೊಳ್ತಾರೆ. ಆಟದಲ್ಲಿ ಆರ್ಕ್ ಅನ್ನೋ ಹಸಿರು ರಾಕ್ಷಸರ ಜಾತಿ ಇದೆ. ಅವರ ಸ್ವಭಾವವೇ ಬೇರೆಯವರ ಗಾಡಿ ಕದ್ದು, ತಗಡು ಬಡಿದು, ಮೊಳೆ ಹೊಡೆದು ತಮ್ಮದು ಅನ್ನೋದು. 'ಲೂಟೆಡ್ ವ್ಯಾಗನ್' ಅಂತ ಅದಕ್ಕೆ ನಿಯಮಾನೇ ಇತ್ತು. ಟ್ಯಾಂಕ್ ಕಿಟ್ ತನ್ನಿ, ಹಾಳು ಮಾಡಿ, ಆಡಿ. ಕಂಪನಿ 1987ರಲ್ಲೇ 'ಗೋಲ್ಡನ್ ಡೀಮನ್' ಅನ್ನೋ ಬಣ್ಣ ಬಳಿಯೋ ಸ್ಪರ್ಧೆ ಶುರು ಮಾಡಿತು. ಕಲಾ ನಿರ್ದೇಶಕರಾಗಿದ್ದ ಜಾನ್ ಬ್ಲಾಂಚ್ ಅವರೇ ಸಿಕ್ಕಸಿಕ್ಕ ಬಿಡಿಭಾಗ ಜೋಡಿಸಿ ವಿಚಿತ್ರ ಪಾತ್ರಗಳನ್ನ ಮಾಡೋದ್ರಲ್ಲಿ ಹೆಸರುವಾಸಿ.

ಅಂದ್ರೆ ಒಪ್ಪಂದ ಇದು: ಕಂಪನಿ ಅರ್ಧ ಜಗತ್ತು ಕೊಡುತ್ತೆ, ಉಳಿದರ್ಧ ನೀವು ಕಟ್ಟಿ.

ಭುಜದ ಕವಚಕ್ಕೆ ಕೇಸು

ಈಗ ಕೋರ್ಟ್ ಕಥೆ. ನಿಮ್ಮಲ್ಲಿ ಬೈಕ್ ಇರೋರು ಜೆ.ಸಿ. ರಸ್ತೆ ಕಡೆ ಒಮ್ಮೆಯಾದ್ರೂ ಹೋಗಿರ್ತೀರಿ. ಸೀಟ್ ಕವರ್, ಕ್ರ್ಯಾಶ್ ಗಾರ್ಡ್, ಸೈಲೆನ್ಸರ್. ಬೈಕ್ ಮಾಡಿದವನು ಒಬ್ಬ, ಅದಕ್ಕೆ ಸರಿಹೊಂದೋ ಬಿಡಿಭಾಗ ಮಾಡೋನು ಇನ್ನೊಬ್ಬ. 'ಇಂಥ ಬೈಕ್‌ಗೆ ಕೂರುತ್ತೆ' ಅಂತ ಬೈಕ್ ಹೆಸರು ಹೇಳಿಯೇ ಮಾರ್ತಾನೆ.

ಅಮೆರಿಕದಲ್ಲಿ ಚಾಪ್ಟರ್‌ಹೌಸ್ ಸ್ಟುಡಿಯೋಸ್ ಅನ್ನೋ ಪುಟ್ಟ ವ್ಯವಹಾರ ಇದೇ ಕೆಲಸ ಮಾಡ್ತಿತ್ತು, ಬೊಂಬೆಗಳಿಗೆ. ವಾರ್‌ಹ್ಯಾಮರ್ ಸೈನಿಕರಿಗೆ ಕೂರೋ ಭುಜದ ಕವಚ, ತಲೆ, ಟ್ಯಾಂಕ್ ಬಾಗಿಲು. ಇಷ್ಟೇ ಅಲ್ಲ. 2010ರ ಒಂದು ವಾರ್‌ಹ್ಯಾಮರ್ ಪುಸ್ತಕದಲ್ಲಿ 'ಟರ್ವಿಗನ್' ಅನ್ನೋ ದೊಡ್ಡ ಪ್ರಾಣಿಗೆ ನಿಯಮ ಇತ್ತು, ಬೊಂಬೆ ಇರಲಿಲ್ಲ. ಚಾಪ್ಟರ್‌ಹೌಸ್ ಬೇರೆ ಬೊಂಬೆಯನ್ನ ಟರ್ವಿಗನ್ ಆಗಿ ಬದಲಿಸೋ ಬಿಡಿಭಾಗಗಳ ಕಿಟ್ ಮಾರಿತು. ಕಂಪನಿ ಸ್ವಂತ ಬೊಂಬೆ ತಂದದ್ದು 2012ರಲ್ಲಿ.

2010ರ ಕೊನೆಯಲ್ಲಿ ಗೇಮ್ಸ್ ವರ್ಕ್‌ಶಾಪ್ ಕೇಸು ಹಾಕಿತು. ಷಿಕಾಗೋದ ಫೆಡರಲ್ ಕೋರ್ಟ್. ಕಾಪಿರೈಟ್, ಟ್ರೇಡ್‌ಮಾರ್ಕ್ ಉಲ್ಲಂಘನೆ ಅಂತ ನೂರಕ್ಕೂ ಹೆಚ್ಚು ಉತ್ಪನ್ನಗಳ ಮೇಲೆ ದೂರು. ಚಿಕ್ಕ ವ್ಯವಹಾರ ಅಲ್ವಾ, ವಕೀಲರ ಫೀಸ್ ನೋಡಿಯೇ ಅಂಗಡಿ ಮುಚ್ಚಬೇಕಿತ್ತು. ಆದರೆ ಒಂದು ದೊಡ್ಡ ಲಾ ಫರ್ಮ್ ಫೀಸಿಲ್ಲದೆ ಅವರ ಪರ ನಿಂತಿತು. 2013ರಲ್ಲಿ ಜ್ಯೂರಿ ತೀರ್ಪು ಬಂತು. ಯಾರೂ ಪೂರ್ತಿ ಗೆಲ್ಲಲಿಲ್ಲ. ಕೆಲವು ಉತ್ಪನ್ನಗಳಲ್ಲಿ ಉಲ್ಲಂಘನೆ ಆಗಿದೆ, ಹಲವುದರಲ್ಲಿ ಆಗಿಲ್ಲ. ಪರಿಹಾರ ಅಂತ ಕೊಡಿಸಿದ್ದು 25,000 ಡಾಲರ್. ಮೂರು ವರ್ಷ ನಡೆದ ಕೇಸಿಗೆ ಇದು ಟೀ ಕಾಸು. ಆಮೇಲೆ ಮೇಲ್ಮನವಿ ಹಂತದಲ್ಲಿ ಎರಡೂ ಕಡೆ ರಾಜಿಯಾದರು.

ಆದರೆ ಪರಿಣಾಮ ಕೋರ್ಟಿನ ಹೊರಗೆ ಕಾಣಿಸ್ತು. 2014ರ ಜನವರಿಯಲ್ಲಿ ಬಂದ ಹೊಸ ಟೈರನಿಡ್ ಪುಸ್ತಕದಲ್ಲಿ, ಬೊಂಬೆ ಇಲ್ಲದೆ ನಿಯಮ ಮಾತ್ರ ಇದ್ದ ಕೆಲವು ಘಟಕಗಳು ಕಾಣೆಯಾಗಿದ್ದವು. ಅದೇ ವರ್ಷದ ಆರ್ಕ್ ಪುಸ್ತಕದಲ್ಲಿ ಲೂಟೆಡ್ ವ್ಯಾಗನ್ ಇರಲಿಲ್ಲ. ಅಭಿಮಾನಿಗಳು ಕೂಗಾಡಿದ ಮೇಲೆ ಪತ್ರಿಕೆಯಲ್ಲಿ ಅದಕ್ಕೆ ನಿಯಮ ಬಂತು, ಆ ಮಾತು ಬೇರೆ. ಇಂಪೀರಿಯಲ್ ಗಾರ್ಡ್ ಅನ್ನೋ ಸಾಮಾನ್ಯ ಹೆಸರು ಹೋಗಿ ಆಸ್ಟ್ರಾ ಮಿಲಿಟರಂ ಅನ್ನೋ ಹೆಸರು ಬಂತು. 'ಗಾರ್ಡ್' ಅನ್ನೋ ಪದದ ಮೇಲೆ ಯಾರಿಗೂ ಒಡೆತನ ಸಿಗಲ್ಲ, ಹೊಸದಾಗಿ ಹುಟ್ಟಿಸಿದ ಹೆಸರಿನ ಮೇಲೆ ಸಿಗುತ್ತೆ. ಆಟಗಾರರು ಇದಕ್ಕೆಲ್ಲ ಒಂದು ಘೋಷಣೆ ಕಟ್ಟಿದರು: 'ನೋ ಮಾಡೆಲ್, ನೋ ರೂಲ್ಸ್'. ಪೆಟ್ಟಿಗೆಯಲ್ಲಿ ಇಲ್ಲದ್ದು ಪುಸ್ತಕದಲ್ಲೂ ಇಲ್ಲ. ಇದೆಲ್ಲ ಆ ಕೇಸಿನಿಂದಲೇ ಅಂತ ಅಭಿಮಾನಿಗಳು ನಂಬ್ತಾರೆ. ಕಾಲದ ಲೆಕ್ಕವಂತೂ ಕೂಡಿ ಬರುತ್ತೆ.

ಹಳೆ ಒಪ್ಪಂದ ನೆನಪಿದೆಯಾ? ಉಳಿದರ್ಧ ನೀವು ಕಟ್ಟಿ ಅನ್ನೋದು? ಆ ಅರ್ಧದ ಸುತ್ತ ಬೇಲಿ ಬಿತ್ತು.

ಲೆಕ್ಕ ಹಾಕಿ ನೋಡೋಣ

ನಾನು ಬಿ.ಕಾಂ. ಓದಿದವನು. ಯಾರ ಮೇಲಾದ್ರೂ ಸಿಟ್ಟು ಬಂದ್ರೆ ಮೊದಲು ಅವರ ಖರ್ಚಿನ ಕಾಲಮ್ ನೋಡ್ತೀನಿ. ಕಂಪನಿ ಕಡೆಯಿಂದ ನೋಡಿ. ಪ್ಲಾಸ್ಟಿಕ್ ಬೊಂಬೆ ಮಾಡೋಕೆ ಉಕ್ಕಿನ ಅಚ್ಚು ಬೇಕು. ಅಚ್ಚು ತುಂಬಾ ದುಬಾರಿ, ಅದರೊಳಗೆ ಹೋಗೋ ಪ್ಲಾಸ್ಟಿಕ್ ತುಂಬಾ ಅಗ್ಗ. ಸ್ಥಿರ ವೆಚ್ಚ ಬೆಟ್ಟದಷ್ಟು, ಒಂದೊಂದು ಹೆಚ್ಚುವರಿ ಪೆಟ್ಟಿಗೆಯ ವೆಚ್ಚ ಇರುವೆಯಷ್ಟು. ಹಾಗಾಗಿ ಒಂದು ಅಚ್ಚಿನಿಂದ ಎಷ್ಟು ಪೆಟ್ಟಿಗೆ ಮಾರಾಟ ಆಗುತ್ತೆ ಅನ್ನೋದೇ ಅವರ ಜೀವ. ವಿನ್ಯಾಸ ಕದ್ದು, ಅಚ್ಚು ತೆಗೆದು, ನಕಲಿ ಮಾರೋನು ಬಂದ್ರೆ ಆ ಜೀವಕ್ಕೇ ಕುತ್ತು. ಅಂಥವನ ಮೇಲೆ ಕಂಪನಿ ಹೋದ್ರೆ ನಾನು ಕಂಪನಿ ಪರ.

ಆದರೆ ಕನ್ವರ್ಷನ್ ಮಾಡೋನು ಯಾರು? ಅವನು ಒಂದು ಬೊಂಬೆ ಮಾಡೋಕೆ ಮೂರು ಪೆಟ್ಟಿಗೆ ಕೊಳ್ಳೋನು! ಬಾಡಿ ಒಂದರಿಂದ, ರೆಕ್ಕೆ ಒಂದರಿಂದ, ತಲೆ ಒಂದರಿಂದ. ಅರ್ಥಶಾಸ್ತ್ರದಲ್ಲಿ ಬದಲಿ ಸರಕು, ಪೂರಕ ಸರಕು ಅಂತ ಎರಡು ಓದ್ತೀವಿ. ಕಾಫಿಗೆ ಟೀ ಬದಲಿ, ಕಾಫಿಗೆ ಸಕ್ಕರೆ ಪೂರಕ. ನಕಲಿ ಬೊಂಬೆ ಟೀ, ಭುಜದ ಕವಚ ಸಕ್ಕರೆ. ಅಸಲಿ ಸೈನಿಕ ಇಲ್ಲದೆ ಭುಜದ ಕವಚ ಇಟ್ಕೊಂಡು ಏನು ಮಾಡ್ತೀರಿ? ಸಕ್ಕರೆ ಮಾರೋನನ್ನ ಓಡಿಸಿ ಕಾಫಿ ಉಳಿಸ್ಕೊಂಡೆ ಅಂದ್ರೆ ಹೇಗೆ?

ಇನ್ನು ನಮ್ಮ ಕಡೆಯ ಲೆಕ್ಕ. ಈ ಹವ್ಯಾಸ ಭಾರತದಲ್ಲಿ ಆಮದು ಹವ್ಯಾಸ. ಪೌಂಡಿನ ಬೆಲೆ, ಸಾಗಣೆ, ಸುಂಕ ಎಲ್ಲ ಸೇರ್ಕೊಳ್ಳುತ್ತೆ. ಉದಾಹರಣೆಗೆ ಒಂದು ಕಾಲ್ಪನಿಕ ಲೆಕ್ಕ ಹಾಕೋಣ. ಫ್ಯಾಂಟಸಿ ಸೈನಿಕರ ಪೆಟ್ಟಿಗೆ 4,000 ರೂಪಾಯಿ, ಒಳಗೆ 10 ಜನ. ಚರಿತ್ರೆಯ ಸೈನಿಕರ ಪೆಟ್ಟಿಗೆಯೂ 4,000 ರೂಪಾಯಿ, ಒಳಗೆ 40 ಜನ. ಮೊದಲನೆಯದು ತಲೆಗೆ 400, ಎರಡನೆಯದು ತಲೆಗೆ 100. ಈಗ ಮೊದಲ ಪೆಟ್ಟಿಗೆಯಲ್ಲಿ 10 ಜನರನ್ನ ಕಟ್ಟಿದ ಮೇಲೂ ಫ್ರೇಮಲ್ಲಿ ತಲೆ, ಕತ್ತಿ, ಚೀಲ ಮಿಕ್ಕಿರುತ್ತೆ. ಅಂಥ ಮಿಕ್ಕ ಭಾಗಗಳನ್ನ 10 ಅಗ್ಗದ ದೇಹಗಳ ಮೇಲೆ ಕೂರಿಸಿದ್ರೆ, 20 ಜನರ ಸೈನ್ಯಕ್ಕೆ ಲೆಕ್ಕದಲ್ಲಿ ಬಿದ್ದದ್ದು 4,000 ಪ್ಲಸ್ 1,000. ತಲೆಗೆ 250. ಇನ್ನೂ 30 ದೇಹ ಡಬ್ಬಿಯಲ್ಲಿವೆ. ಗೆಳೆಯನ ಜೊತೆ ಹಂಚ್ಕೊಂಡ್ರೆ ಇನ್ನೂ ಒಳ್ಳೇದು.

ಅಂದ್ರೆ ಕನ್ವರ್ಷನ್ ಅನ್ನೋದು ಬರೀ ಕಲೆ ಅಲ್ಲ. ಕಾಲೇಜಿಗೆ ಹೋಗೋ ಹುಡುಗಿ, ಮೊದಲ ಸಂಬಳದ ಹುಡುಗ ಈ ಆಟದೊಳಗೆ ಬರೋಕೆ ಇರೋ ಬಾಗಿಲು. 'ಪೆಟ್ಟಿಗೆಯಲ್ಲಿ ಇದ್ದ ಹಾಗೇ ಇರಬೇಕು' ಅಂತ ನಿಯಮ ಮಾಡಿದಾಗ ಮುಚ್ಚೋದು ಆ ಬಾಗಿಲು. ದುಡ್ಡಿರೋರಿಗೆ ಏನೂ ಆಗಲ್ಲ, ಅವರು ಪೆಟ್ಟಿಗೆ ಕೊಳ್ತಾರೆ.

ಇನ್ನೊಂದು ಕಡೆಯಿಂದ ಬಾಗಿಲು ತೆರೀತಾ ಇದೆ, ಅದನ್ನೂ ಹೇಳಬೇಕು. 'ಫ್ರಾಸ್ಟ್‌ಗ್ರೇವ್' 2015ರಲ್ಲಿ ಬಂತು. ಹತ್ತು ಜನರ ತಂಡ ಸಾಕು, ಬೊಂಬೆ ಯಾವ ಕಂಪನಿಯದಾದ್ರೂ ಆಗಬಹುದು. 'ಒನ್ ಪೇಜ್ ರೂಲ್ಸ್' ಮೂಲ ನಿಯಮಗಳನ್ನ ಉಚಿತವಾಗಿ ಕೊಡುತ್ತೆ, ಇರೋ ಬೊಂಬೆ ಇಟ್ಕೊಂಡು ಆಡಿ ಅನ್ನುತ್ತೆ. 'ಟರ್ನಿಪ್28' ಅನ್ನೋದು ಇನ್ನೂ ಮಜಾ: ನೆಪೋಲಿಯನ್ ಕಾಲದ ಸೈನಿಕರು, ಗೆಡ್ಡೆ ಗೆಣಸಿನ ಬೇರುಗಳು, ಕೆಸರು, ಹರಿದ ಬಟ್ಟೆ ಎಲ್ಲ ಕಲಸಿದ ಲೋಕ. ಅದಕ್ಕೆ ಸೈನ್ಯ ಬೇಕಂದ್ರೆ ನೀವೇ ಕತ್ತರಿಸಿ ಕಟ್ಟಬೇಕು. 2024ರಲ್ಲಿ ಕಿಕ್‌ಸ್ಟಾರ್ಟರ್‌ನಲ್ಲಿ ದೊಡ್ಡ ಗೆಲುವು ಕಂಡ 'ಟ್ರೆಂಚ್ ಕ್ರುಸೇಡ್' ಕೂಡ ಯಾವ ಬೊಂಬೆ ತಂದ್ರೂ ಸರಿ ಅನ್ನುತ್ತೆ. ಗೇಮ್ಸ್ ವರ್ಕ್‌ಶಾಪ್‌ನ ಸ್ವಂತ ಟೂರ್ನಮೆಂಟ್‌ಗೆ ಹೋಗೋದಾದ್ರೆ ಅವರದೇ ಬೊಂಬೆ ಬೇಕು, 3ಡಿ ಪ್ರಿಂಟ್ ನಡೆಯಲ್ಲ. ಆದರೆ ನಿಮ್ಮ ಮನೆ ಟೇಬಲ್, ಗೆಳೆಯರ ಕ್ಲಬ್ಬು, ಅಲ್ಲಿ ಕಾನೂನು ನಿಮ್ಮದೇ.

ಕೈಕೆಲಸ: ಏನು ಬೇಕು, ಹೇಗೆ ಮಾಡೋದು

ಸರಿ, ಮಾತು ಸಾಕು, ಕೆಲಸಕ್ಕೆ ಬರೋಣ. ಸಾಮಾನು ಪಟ್ಟಿ ಚಿಕ್ಕದು. ಒಂದು ಹಾಬಿ ಚಾಕು, ಒಂದು ಸಣ್ಣ ಕಟ್ಟರ್, ಒಂದು ಅರ, ಕೈಯಲ್ಲಿ ತಿರುಗಿಸೋ ಪುಟ್ಟ ಡ್ರಿಲ್, ಎರಡು ಬಗೆಯ ಅಂಟು, ಸ್ವಲ್ಪ ಎಪಾಕ್ಸಿ ಪುಟ್ಟಿ.

ಅಂಟಿನ ವಿಷಯ ಚೆನ್ನಾಗಿ ಕೇಳಿಸ್ಕೊಳ್ಳಿ. ಗಟ್ಟಿ ಪ್ಲಾಸ್ಟಿಕ್ ಬೊಂಬೆಗಳು ಪಾಲಿಸ್ಟೈರೀನ್‌ನವು. ಇದಕ್ಕೆ ಪ್ಲಾಸ್ಟಿಕ್ ಸಿಮೆಂಟ್ ಬಳಸಬೇಕು. ಅದು ಅಂಟಿಸಲ್ಲ, ಎರಡೂ ಕಡೆ ಪ್ಲಾಸ್ಟಿಕ್ ಕರಗಿಸಿ ಬೆಸುಗೆ ಹಾಕುತ್ತೆ. ಲೋಹ, ರೆಸಿನ್‌ಗೆ ಅದು ಕೆಲಸ ಮಾಡಲ್ಲ, ಅಲ್ಲಿ ಸೂಪರ್ ಗ್ಲೂ ಬೇಕು. ಬೇರೆ ಬೇರೆ ವಸ್ತು ಸೇರಿಸುವಾಗಲೂ ಸೂಪರ್ ಗ್ಲೂನೇ. ಇನ್ನೊಂದು ಟ್ರಿಕ್: ಬೊಂಬೆ ಕತ್ತರಿಸಿದ ಮೇಲೆ ಮಿಕ್ಕೋ ಪ್ಲಾಸ್ಟಿಕ್ ಫ್ರೇಮ್ ಎಸೀಬೇಡಿ. ಅದನ್ನ ಚೂರು ಮಾಡಿ, ತೆಳ್ಳನೆ ಪ್ಲಾಸ್ಟಿಕ್ ಸಿಮೆಂಟ್ ಇರೋ ಗಾಜಿನ ಸೀಸೆಯೊಳಗೆ ಒಂದು ರಾತ್ರಿ ಬಿಟ್ರೆ ದೋಸೆ ಹಿಟ್ಟಿನ ಹದಕ್ಕೆ ಬರುತ್ತೆ. ಸಂದು ತುಂಬೋಕೆ ಇದಕ್ಕಿಂತ ಒಳ್ಳೇದಿಲ್ಲ, ಯಾಕಂದ್ರೆ ಒಣಗಿದ ಮೇಲೆ ಅದೂ ಅದೇ ಪ್ಲಾಸ್ಟಿಕ್.

ತಲೆ ಬದಲಿಸೋದು ಮೊದಲ ಪಾಠ. ಹಳೆ ತಲೆಯನ್ನ ಕಾಲರ್ ಹತ್ತಿರ ಸಮನಾಗಿ ಕತ್ತರಿಸಿ. ಹೊಸ ತಲೆಯ ಕುತ್ತಿಗೆ ಸ್ವಲ್ಪ ಉದ್ದ ಇಟ್ಕೊಂಡು, ಅರದಿಂದ ಉಜ್ಜುತ್ತಾ ಕೂರಿಸಿ ನೋಡಿ. ಒಂದೇ ಸಲ ಜಾಸ್ತಿ ಕತ್ತರಿಸಬೇಡಿ. ಬಟ್ಟೆ ಹೊಲಿಯೋರ ನಿಯಮ ಇಲ್ಲೂ ಅಷ್ಟೇ: ತೆಗೀಬಹುದು, ಸೇರಿಸೋದು ಕಷ್ಟ. ತಲೆಯನ್ನ ನೇರ ಮುಂದಕ್ಕೆ ಇಡದೆ ಸ್ವಲ್ಪ ಪಕ್ಕಕ್ಕೆ ತಿರುಗಿಸಿ, ಅವನು ಏನನ್ನೋ ನೋಡ್ತಿದ್ದಾನೆ ಅನ್ನಿಸುತ್ತೆ. ಅಷ್ಟಕ್ಕೇ ಬೊಂಬೆಗೆ ಜೀವ ಬರುತ್ತೆ.

ಭಾರದ ಭಾಗ, ಅಂದ್ರೆ ಲೋಹದ ರೆಕ್ಕೆ, ಚಾಚಿದ ಕೈ, ಬರೀ ಅಂಟಲ್ಲಿ ನಿಲ್ಲಲ್ಲ. ಎರಡೂ ಕಡೆ ಡ್ರಿಲ್ ಮಾಡಿ, ಮಧ್ಯೆ ಪೇಪರ್ ಕ್ಲಿಪ್ ತುಂಡು ಹಾಕಿ ಅಂಟಿಸಿ. ಇದಕ್ಕೆ ಪಿನ್ನಿಂಗ್ ಅಂತಾರೆ. ಮುರಿದ ಮೂಳೆಗೆ ರಾಡ್ ಹಾಕೋ ಥರ.

ಆಮೇಲೆ ಪುಟ್ಟಿ. ಗ್ರೀನ್ ಸ್ಟಫ್ ಅಂತ ಕರೆಯೋದು ನೀಲಿ ಒಂದು, ಹಳದಿ ಒಂದು, ಎರಡನ್ನ ಕಲಸಿದ್ರೆ ಹಸಿರು. ಕಲಸಿದ ಮೇಲೆ ಒಂದು ಗಂಟೆ ಚಿಲ್ಲರೆ ಸಮಯ ಸಿಗುತ್ತೆ, ಆಮೇಲೆ ಗಟ್ಟಿಯಾಗ್ತಾ ಹೋಗುತ್ತೆ. ಬೆರಳು, ಸಲಕರಣೆ ಒದ್ದೆ ಇರಲಿ, ಇಲ್ಲಾಂದ್ರೆ ಹಲಸಿನ ಹಣ್ಣಿನ ಮೇಣದ ಥರ ಮೆತ್ಕೊಳ್ಳುತ್ತೆ. ಇದರಲ್ಲಿ ಮುಂಡಾಸು, ಶಾಲು, ಕೂದಲು, ಚೀಲದ ಪಟ್ಟಿ ಮಾಡಬಹುದು. ಇದು ನನಗೆಲ್ಲಿ ಬರುತ್ತೆ ಅಂತ ಹೆದರೋರಿಗೆ ಒಂದು ನಿಜವಾದ ಕಥೆ. ಇಂಗ್ಲೆಂಡಿನ ಪೆರಿ ಅವಳಿ ಸಹೋದರರು, ಮೈಕಲ್ ಮತ್ತು ಆಲನ್, ಈ ಲೋಕದ ದೊಡ್ಡ ಶಿಲ್ಪಿಗಳು. ಮೈಕಲ್ ಒಂದು ಯುದ್ಧ ಮರುನಟನೆಯಲ್ಲಿ ಫಿರಂಗಿ ಅಪಘಾತವಾಗಿ ಬಲಗೈ ಕಳ್ಕೊಂಡರು. ಎಡಗೈಯಲ್ಲಿ ಮೊದಲಿಂದ ಕಲಿತು, ಮತ್ತೆ ಬೊಂಬೆ ಮಾಡೋಕೆ ಶುರು ಮಾಡಿದರು. ಇವತ್ತಿಗೂ ಅವರ ಕಂಪನಿಯ ಸೈನಿಕರನ್ನ ಜಗತ್ತೇ ಕೊಳ್ಳುತ್ತೆ.

ಎಚ್ಚರಿಕೆ ಮೂರು. ಚಾಕುವನ್ನ ಹೆಬ್ಬೆರಳಿನ ಕಡೆ ಎಳೀಬೇಡಿ. ರೆಸಿನ್ ಉಜ್ಜುವಾಗ ನೀರು ಹಾಕಿ ಉಜ್ಜಿ, ಮಾಸ್ಕ್ ಹಾಕಿ, ಆ ಪುಡಿ ಶ್ವಾಸಕೋಶಕ್ಕೆ ಒಳ್ಳೇದಲ್ಲ. 3ಡಿ ಪ್ರಿಂಟರ್‌ನ ಗಟ್ಟಿಯಾಗದ ರೆಸಿನ್ ಮುಟ್ಟುವಾಗ ಗ್ಲೌಸ್ ಕಡ್ಡಾಯ, ಕಿಟಕಿ ತೆರೆದಿರಲಿ.

ಶ್ರೀರಂಗಪಟ್ಟಣದ ರಾಕೆಟ್ ದಳ

ಈಗ ಪ್ರಾಮಿಸ್ ಮಾಡಿದ್ದು. ಹೈದರಾಲಿ, ಟಿಪ್ಪು ಕಾಲದ ಮೈಸೂರು ಸೈನ್ಯ ಚರಿತ್ರೆಯ ವಾರ್‌ಗೇಮರ್‌ಗಳಿಗೆ ಗೊತ್ತಿರೋ ಸೈನ್ಯ. ಅದರ ಬೊಂಬೆಗಳನ್ನ ಇಂಗ್ಲೆಂಡಿನಲ್ಲಿ ಮಾಡಿ ಮಾರ್ತಾರೆ. ಆದರೆ ನಮ್ಮೂರಿನ ಸೈನ್ಯವನ್ನ ನಾವೇ ಕಟ್ಟಬಹುದು. ಸಾಮಗ್ರಿನೂ ನಮ್ಮಲ್ಲೇ ಇದೆ, ಆಧಾರವೂ ನಮ್ಮಲ್ಲೇ ಇದೆ.

2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರದಲ್ಲಿ, ಅಂದ್ರೆ ಹಳೆ ಬಿದನೂರಿನಲ್ಲಿ, ಒಂದು ಹಾಳು ಬಾವಿಯಿಂದ ಸಾವಿರದಷ್ಟು ಕಬ್ಬಿಣದ ರಾಕೆಟ್‌ಗಳು ಸಿಕ್ಕವು. ಟಿಪ್ಪು ಕಾಲದವು. ಉದ್ದ ಸುಮಾರು ಒಂದು ಗೇಣು ಚಿಲ್ಲರೆ, 23ರಿಂದ 26 ಸೆಂಟಿಮೀಟರ್. ಕಬ್ಬಿಣದ ಕೊಳವೆ, ಒಳಗೆ ಮದ್ದು. ದಾರಿ ತಪ್ಪದಿರಲಿ ಅಂತ ಉದ್ದನೆ ಬಿದಿರಿನ ಗಳು ಕಟ್ಟಿ ಹಾರಿಸ್ತಿದ್ದರು.

ಈಗ ಸ್ಕೇಲ್ ಲೆಕ್ಕ. ಹೆಚ್ಚು ಬಳಕೆಯಲ್ಲಿರೋದು 28 ಮಿಲಿಮೀಟರ್ ಬೊಂಬೆ, ಅಂದ್ರೆ ಅಂದಾಜು ಅರವತ್ತರಲ್ಲಿ ಒಂದು ಪಾಲು. 25 ಸೆಂಟಿಮೀಟರ್ ಭಾಗಿಸು 60, ನಾಲ್ಕು ಮಿಲಿಮೀಟರ್ ಚಿಲ್ಲರೆ. ಒಂದು ಮಿಲಿಮೀಟರ್ ಹತ್ತಿರ ದಪ್ಪ ಇರೋ ಪೇಪರ್ ಕ್ಲಿಪ್ಪಿನ ನಾಲ್ಕು ಮಿಲಿಮೀಟರ್ ತುಂಡು, ಅದೇ ನಿಮ್ಮ ರಾಕೆಟ್. ಗಳುವಿಗೆ ಏನು? ಬಿದಿರು ಅಂತ ಅಗರಬತ್ತಿ ಕಡ್ಡಿ ತಗೊಂಡ್ರೆ ಅದು ಒಂದು ಮಿಲಿಮೀಟರ್‌ಗಿಂತ ದಪ್ಪ. 60ರಿಂದ ಗುಣಿಸಿ, ನಿಜ ಜೀವನದಲ್ಲಿ ಏಳೆಂಟು ಸೆಂಟಿಮೀಟರ್ ದಪ್ಪದ ಕಂಬ ಆಗುತ್ತೆ! ಸೈನಿಕ ರಾಕೆಟ್ ಅಲ್ಲ, ಚಪ್ಪರದ ಕಂಬ ಹೊತ್ತ ಹಾಗೆ ಕಾಣ್ತಾನೆ. ತೆಂಗಿನ ಪೊರಕೆ ಕಡ್ಡಿಯ ತೆಳ್ಳನೆ ತುದಿ ತಗೊಳ್ಳಿ, ಎರಡೂವರೆ ಸೆಂಟಿಮೀಟರ್ ಕತ್ತರಿಸಿ. ಅದು ಒಂದೂವರೆ ಮೀಟರ್ ಗಳು. ಕಟ್ಟಿದ ಹಗ್ಗಕ್ಕೆ ಹೊಲಿಗೆ ದಾರದ ಒಂದೇ ಎಳೆ.

ದೇಹಕ್ಕೆ ಸಡಿಲ ಶರಾಯಿ ಇರೋ ಯಾವುದಾದ್ರೂ ಪ್ಲಾಸ್ಟಿಕ್ ಏಷ್ಯನ್ ಸೈನಿಕರ ಪೆಟ್ಟಿಗೆ ಸಾಕು. ಮುಂಡಾಸು ಗ್ರೀನ್ ಸ್ಟಫ್‌ನಲ್ಲಿ: ತೆಳ್ಳನೆ ಎಳೆ ಲಟ್ಟಿಸಿ, ಚಪ್ಪಟೆ ಮಾಡಿ, ಸುತ್ತಿ. ಅಂಗಿಯ ಮೇಲೆ ಟಿಪ್ಪುವಿನ ಹುಲಿಪಟ್ಟೆ ಬಣ್ಣದಲ್ಲಿ ಬರೀಬೇಕು. ಎಲ್ಲ ಪಟ್ಟೆ ಬರೀಬೇಡಿ. ಕೈಯಳತೆ ದೂರದಿಂದ ನೋಡೋರಿಗೆ ಎಂಟು ಹತ್ತು ಸಾಕು, ಜಾಸ್ತಿ ಆದ್ರೆ ಎಲ್ಲ ಸೇರಿ ಕಲೆ ಥರ ಕಾಣುತ್ತೆ. ಇಂಥ ಐದು ಜನ ಒಂದು ತಳದ ಮೇಲೆ ನಿಂತ್ರೆ ಅದು ಯಾವ ಪೆಟ್ಟಿಗೆಯಲ್ಲೂ ಬಂದದ್ದಲ್ಲ.

ಎದುರಾಳಿಗೆ ಗೌರವ

ನಿಮ್ಮ ಸೈನ್ಯ ನಿಮ್ಮದು ಅಂದ ಮಾತ್ರಕ್ಕೆ ಎದುರಿಗೆ ಕೂತವನಿಗೆ ತಲೆನೋವು ಕೊಡಬಾರದು. ಕ್ಲಬ್ಬುಗಳಲ್ಲಿ ನಡೆದು ಬಂದ ಮೂರು ಕಟ್ಟಳೆ ಹೇಳ್ತೀನಿ.

ಒಂದು, ಕಂಡದ್ದೇ ಇರಬೇಕು. ಕೈಯಲ್ಲಿ ಕೋವಿ ಇದ್ರೆ ಕೋವಿ, ಕತ್ತಿ ಇದ್ರೆ ಕತ್ತಿ. 'ಇದು ಕತ್ತಿ ಥರ ಕಾಣುತ್ತೆ, ಆದ್ರೆ ಫಿರಂಗಿ ಅನ್ಕೊಳ್ಳಿ' ಅನ್ನಬೇಡಿ. ಎರಡು, ತಳದ ಅಳತೆ, ಎತ್ತರ ಮೂಲ ಬೊಂಬೆಯಷ್ಟೇ ಇರಲಿ. ಗೋಡೆ ಹಿಂದೆ ಅಡಗೋಕೆ ಅನುಕೂಲ ಅಂತ ರಾಕ್ಷಸನನ್ನ ಮಲಗಿಸಿ ಮಾಡಿದ್ರೆ ಅದು ಕಲೆ ಅಲ್ಲ, ಕಳ್ಳಾಟ. ಮೂರು, ಆಟಕ್ಕೆ ಮೊದಲು ಎರಡು ನಿಮಿಷ ತಗೊಂಡು ಇವನು ಇಂಥವನು ಅಂತ ಪರಿಚಯ ಮಾಡ್ಕೊಡಿ. ಮದುವೆ ಮನೆಯಲ್ಲಿ ಬೀಗರಿಗೆ ಮಾಡೋ ಥರ.

ಮತ್ತೆ ಒಂದು ಗೆರೆ ನೆನಪಿರಲಿ. ಕೊಂಡ ಬೊಂಬೆ ಕತ್ತರಿಸಿ ಬೇರೆ ರೂಪ ಕೊಡೋದು ಬೇರೆ. ಅದಕ್ಕೆ ಅಚ್ಚು ಹಾಕಿ ನೂರು ನಕಲು ತೆಗೆದು ಮಾರೋದು ಬೇರೆ. ಬೇರೊಬ್ಬ ಕಲಾವಿದ ಮಾರ್ತಿರೋ 3ಡಿ ಫೈಲನ್ನ ಟೆಲಿಗ್ರಾಂ ಗುಂಪಲ್ಲಿ ಹಂಚೋದೂ ಎರಡನೇ ಸಾಲಿಗೇ ಸೇರುತ್ತೆ. ಅಲ್ಲಿ ನಷ್ಟ ಆಗೋದು ದೊಡ್ಡ ಕಂಪನಿಗಲ್ಲ, ಮನೆಯಲ್ಲಿ ಕೂತು ಶಿಲ್ಪ ಮಾಡೋ ನಿಮ್ಮಂಥದ್ದೇ ಒಬ್ಬರಿಗೆ. ನಮ್ಮ ಸೃಷ್ಟಿಗೆ ಜಾಗ ಕೇಳೋ ನಾವು ಇನ್ನೊಬ್ಬರ ದುಡಿಮೆಯನ್ನ ಫ್ರೀ ಅನ್ಕೊಂಡ್ರೆ, ಕಂಪನಿ ಹಾಕಿದ ಬೇಲಿಗೆ ನಾವೇ ಕಂಬ ನೆಟ್ಟ ಹಾಗೆ.

ಹಾಗಾದ್ರೆ ಸೈನ್ಯ ಯಾರದ್ದು? ಅಚ್ಚು ಕಂಪನಿಯದು, ಹೆಸರು ಕಂಪನಿಯದು, ಅವರ ಟೂರ್ನಮೆಂಟಿನ ಬಾಗಿಲೂ ಅವರದ್ದೇ. ಆದರೆ ಎಲ್ಲಿ ಕತ್ತರಿಸಬೇಕು, ಯಾರ ತಲೆ ಯಾರ ಮೇಲೆ ಕೂರಬೇಕು ಅಂತ ತೀರ್ಮಾನ ಮಾಡಿದ್ದು ನೀವು. ಆ ತೀರ್ಮಾನವನ್ನ ಯಾರೂ ಪೆಟ್ಟಿಗೆಗೆ ಹಾಕಿ ಮಾರೋಕಾಗಲ್ಲ.

ಈ ವಾರ ಇಷ್ಟು ಮಾಡಿ. ಇಡೀ ಸೈನ್ಯದ ಕನಸು ಬೇಡ, ಐದು ಬೊಂಬೆ ಸಾಕು. ಮನೆಯಲ್ಲಿರೋ ಪೇಪರ್ ಕ್ಲಿಪ್, ಪೊರಕೆ ಕಡ್ಡಿ, ಹೊಲಿಗೆ ದಾರ ಒಂದು ಡಬ್ಬಿಗೆ ಹಾಕಿ. ಪೊರಕೆ ಕಡ್ಡಿ ಕಿತ್ತಿದ್ದಕ್ಕೆ ಅಮ್ಮ ಬೈದ್ರೆ ಚರಿತ್ರೆ ಪ್ರಾಜೆಕ್ಟ್ ಅಂತ ಹೇಳಿ, ಸುಳ್ಳೇನಲ್ಲ. ಮುಂದಿನ ಸಂಚಿಕೆಯಲ್ಲಿ ಬಣ್ಣದ ಬಗ್ಗೆ ಮಾತಾಡೋಣ. ಅಲ್ಲಿವರೆಗೂ ಬ್ಲೇಡ್ ಹುಷಾರು.